ಈ ‘ಪ್ಲಸ್ ಒಂದು’ ಯಾಕೆ? ಮೇಷ್ಟ್ರಿಲ್ಲದ ಶಾಲೆ ನಡೆಯೋದು ಹೀಗೆ

ಪ್ಯಾರಿಸ್‌ನ ಬುಲ್ವಾರ್ ಬೆಸಿಯೇರ್ ರಸ್ತೆಯಲ್ಲಿ ಒಂದು ಶಾಲೆ ಇದೆ. ಹಗಲು ರಾತ್ರಿ ಬಾಗಿಲು ತೆರೆದೇ ಇರುತ್ತದೆ. ಒಳಗೆ ಸಾಲು ಸಾಲು ಕಂಪ್ಯೂಟರ್. ಒಂದರ ಮುಂದೆ ಇಬ್ಬರು ಕೂತಿದ್ದಾರೆ ಅಂದುಕೊಳ್ಳಿ. ಒಬ್ಬಳು ಪ್ರೋಗ್ರಾಂ ಬರೆದವಳು. ಇನ್ನೊಬ್ಬ ಅದನ್ನು ತಿದ್ದಲು ಬಂದವನು. ಅವನೇನೂ ಮೇಷ್ಟ್ರಲ್ಲ. ಅವಳ ಹಾಗೇ ಮೂರು ವಾರದ ಹಿಂದೆ ಹೊಸಬನಾಗಿ ಸೇರಿದವನು. ಪರದೆಯ ಮೇಲಿನ ಒಂದು ಸಾಲಿಗೆ ಬೆರಳಿಟ್ಟು ಕೇಳುತ್ತಾನೆ: “ಇಲ್ಲಿ ಪ್ಲಸ್ ಒಂದು ಅಂತ ಹಾಕಿದ್ದೀಯಲ್ಲ, ಯಾಕೆ?”

ಅವನು ಕೇಳಿದ್ದು ಏನು ಅಂತ ಮೊದಲು ನೋಡೋಣ. ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪದದ ನಕಲು ಮಾಡಿ ಇಡಬೇಕು. ಅದಕ್ಕೆ ಮೆಮೊರಿಯಲ್ಲಿ ಜಾಗ ಕೇಳಬೇಕು. ‘ರಾಮ’ ಅಂತ ಇಂಗ್ಲಿಷಿನಲ್ಲಿ ಬರೆದರೆ ಆರ್, ಎ, ಎಂ, ಎ. ನಾಲ್ಕು ಅಕ್ಷರ. ಅಕ್ಷರಕ್ಕೊಂದು ಮನೆ ಅಂದರೆ ನಾಲ್ಕು ಮನೆ ಸಾಕು ಅನ್ನಿಸುತ್ತೆ, ಅಲ್ವಾ? ಸಾಲದು. ಪದ ಎಲ್ಲಿಗೆ ಮುಗಿಯಿತು ಅನ್ನೋದು ಸಿ ಭಾಷೆಗೆ ತಾನಾಗಿ ತಿಳಿಯುವುದಿಲ್ಲ. ಕೊನೆಯಲ್ಲೊಂದು ಸೊನ್ನೆ ಇಟ್ಟು ‘ಇಲ್ಲಿಗೆ ಮುಗೀತು’ ಅಂತ ಗುರುತು ಮಾಡಬೇಕು. ಆ ಸೊನ್ನೆಗೂ ಒಂದು ಮನೆ ಬೇಕಲ್ಲ. ಅದಕ್ಕೇ ಉದ್ದಕ್ಕೆ ಒಂದು ಕೂಡಿಸಿ ಐದು ಮನೆ ಕೇಳೋದು.

ತಾನೇ ತಲೆ ಕೆರೆದುಕೊಂಡು ಬರೆದವಳಾದರೆ ಇದನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುತ್ತಾಳೆ. ಎಲ್ಲಿಂದಲೋ ಕಾಪಿ ಹೊಡೆದಿದ್ದರೆ ಇಲ್ಲೇ ಸಿಕ್ಕಿಬೀಳುತ್ತಾಳೆ. ತಮಾಷೆ ಏನಂದರೆ, ಕೇಳಿದವನಿಗೂ ಉತ್ತರ ಗೊತ್ತಿಲ್ಲದೇ ಇರಬಹುದು. ಅವನಿನ್ನೂ ಆ ಲೆಕ್ಕಕ್ಕೇ ಬಂದಿಲ್ಲದಿರಬಹುದು. ಹಾಗಿದ್ದರೆ ಅವಳು ಹೇಳಿದ್ದು ಅವನಿಗೆ ಅರ್ಥ ಆಗಬೇಕು, ಆಗದಿದ್ದರೆ ಬಿಡಬಾರದು. ಒಬ್ಬಳಿಗೆ ಪರೀಕ್ಷೆ, ಇನ್ನೊಬ್ಬನಿಗೆ ಪಾಠ, ಎರಡೂ ಒಂದೇ ಹೊತ್ತಿಗೆ.

ಈ ಶಾಲೆಯ ಹೆಸರು ‘42’. ಒಂದು ಜನಪ್ರಿಯ ಇಂಗ್ಲಿಷ್ ಕಾದಂಬರಿಯಲ್ಲಿ ಬದುಕಿನ ದೊಡ್ಡ ಪ್ರಶ್ನೆಗೆ ಕಂಪ್ಯೂಟರೊಂದು ಕೊಡುವ ಉತ್ತರ 42. ಆ ಹೆಸರು ಅಲ್ಲಿಂದ ಬಂದದ್ದು. 2013ರಲ್ಲಿ ಇದನ್ನು ಶುರು ಮಾಡಿದವರು ಝಾವಿಯೆ ನಿಯೆಲ್ ಅನ್ನುವ ಫ್ರೆಂಚ್ ಟೆಲಿಕಾಂ ಉದ್ಯಮಿ ಮತ್ತು ಕಂಪ್ಯೂಟರ್ ಶಿಕ್ಷಣದಲ್ಲಿ ಪಳಗಿದ್ದ ಅವರ ಜೊತೆಗಾರರು. ನಿಯೆಲ್ ಕೂಡ ಕಾಲೇಜು ಮುಗಿಸಿದವರಲ್ಲ. ಅವರ ಇಂಟರ್ನೆಟ್ ಕಂಪನಿಯ ಹೆಸರೇ ‘ಫ್ರೀ’. ಶಾಲೆಯೂ ಫ್ರೀ. ಫೀಸ್ ಇಲ್ಲ, ಹಿಂದಿನ ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ, ಕ್ಲಾಸ್ ಇಲ್ಲ, ಲೆಕ್ಚರರ್ ಇಲ್ಲ. ಇವತ್ತು ಬೇರೆ ಬೇರೆ ದೇಶಗಳಲ್ಲಿ ಸೇರಿ 50ಕ್ಕೂ ಹೆಚ್ಚು ಕ್ಯಾಂಪಸ್ ಇವೆ.

‘ಮೇಷ್ಟ್ರಿಲ್ಲ’ ಅಂದ ತಕ್ಷಣ ನಮ್ಮಲ್ಲಿ ಅನೇಕರಿಗೆ ಮೇಷ್ಟ್ರು ರಜೆ ಹಾಕಿದ ದಿನದ ಕ್ಲಾಸ್ ರೂಮು ನೆನಪಾಗುತ್ತದೆ. ಗಲಾಟೆ, ಕಾಗದದ ವಿಮಾನ, ಹೆಸರು ಬರೆಯುವ ಕ್ಲಾಸ್ ಲೀಡರ್. ಇಲ್ಲಿ ಆಗಿರೋದು ಅದಲ್ಲ. ಇಲ್ಲಿ ಮೇಷ್ಟ್ರನ್ನು ತೆಗೆದು ಆ ಜಾಗದಲ್ಲಿ ನಿಯಮಗಳನ್ನು ಕೂರಿಸಿದ್ದಾರೆ. ಉಚಿತ ಅನ್ನೋದು, ಕಟ್ಟಡ ಚೆನ್ನಾಗಿದೆ ಅನ್ನೋದು ಎಲ್ಲರ ಕಣ್ಣಿಗೆ ಬೀಳುತ್ತದೆ. ನನಗೆ ನಿಜವಾದ ಕೆಲಸ ಕಾಣೋದು ಆ ನಿಯಮಗಳ ಹೆಣಿಗೆಯಲ್ಲಿ.

ಮೊದಲ ಹಂತಕ್ಕೆ ‘ಪಿಸೀನ್’ ಅಂತ ಹೆಸರು. ಫ್ರೆಂಚಿನಲ್ಲಿ ಈಜುಕೊಳ. ಆನ್‌ಲೈನಿನಲ್ಲಿ ತರ್ಕದ ಆಟದಂಥ ಒಂದು ಪರೀಕ್ಷೆ ಇರುತ್ತದೆ. ಅದರಲ್ಲಿ ಪಾಸಾದವರನ್ನು ನಾಲ್ಕು ವಾರ ಈ ಕೊಳಕ್ಕೆ ತಳ್ಳುತ್ತಾರೆ. ನಮ್ಮೂರ ಕಡೆ ಬಾವಿಗೆ ದೂಡಿ ಈಜು ಕಲಿಸುತ್ತಿದ್ದರಲ್ಲ, ಹಾಗೇ. ವ್ಯತ್ಯಾಸ ಇಷ್ಟೇ: ಸೊಂಟಕ್ಕೆ ಸೋರೆಬುರುಡೆ ಕಟ್ಟುವವರು ಇಲ್ಲ, ಪಕ್ಕದಲ್ಲಿ ಮುಳುಗುತ್ತಿರುವವನನ್ನೇ ಹಿಡಿದುಕೊಳ್ಳಬೇಕು. ಮೊದಲ ದಿನವೇ ಒಂದು ಪಿಡಿಎಫ್ ಕೊಡುತ್ತಾರೆ. ಅದರಲ್ಲಿ ಲೆಕ್ಕಗಳಿರುತ್ತವೆ, ಪಾಠ ಇರುವುದಿಲ್ಲ. ಪರದೆಯ ಮೇಲೆ ಅಕ್ಷರ ಮೂಡಿಸಲು ಸಿ ಭಾಷೆಯಲ್ಲೇ ಇರುವ ರೆಡಿಮೇಡ್ ‘ಪ್ರಿಂಟ್‌ಎಫ್’ ಬಳಸುವ ಹಾಗಿಲ್ಲ. ಒಂದೊಂದೇ ಅಕ್ಷರ ಬರೆಯುವ ಪುಟ್ಟ ಪ್ರೋಗ್ರಾಂ ತುಂಡನ್ನು, ಅಂದರೆ ಫಂಕ್ಷನ್ ಅನ್ನು, ತಾವೇ ಕಟ್ಟಿಕೊಂಡು ಮುಂದೆ ಹೋಗಬೇಕು. ಶುಕ್ರವಾರ ಪರೀಕ್ಷೆ, ಅಲ್ಲಿ ಇಂಟರ್ನೆಟ್ ಇಲ್ಲ, ಪಕ್ಕದವರನ್ನು ಕೇಳುವಂತಿಲ್ಲ. ವಾರವಿಡೀ ಗೆಳೆಯರ ಹೆಗಲ ಮೇಲೆ ಸವಾರಿ ಮಾಡಿದವರ ಬಣ್ಣ ಅವತ್ತು ಬಯಲಾಗುತ್ತದೆ.

ಮಾಡಿದ ಲೆಕ್ಕವನ್ನು ಎರಡು ಕಡೆ ತಿದ್ದುತ್ತಾರೆ. ಒಂದು, ‘ಮುಲಿನೆಟ್’ ಅನ್ನುವ ಪ್ರೋಗ್ರಾಂ. ಫ್ರೆಂಚ್ ಅಡುಗೆಮನೆಯಲ್ಲಿ ತರಕಾರಿ ಅರೆಯುವ ಕೈಯಂತ್ರದ ಹೆಸರು ಅದು. ಹೆಸರಿಗೆ ತಕ್ಕ ಹಾಗೆ ಅರೆಯುತ್ತದೆ. ಹತ್ತು ಲೆಕ್ಕದಲ್ಲಿ ಮೂರನೆಯದು ತಪ್ಪಿದರೆ ಅಲ್ಲಿಗೇ ಎಣಿಕೆ ನಿಲ್ಲಿಸುತ್ತದೆ. ಉಳಿದ ಏಳು ಸರಿ ಇದ್ದರೂ ಲೆಕ್ಕಕ್ಕಿಲ್ಲ. ಕ್ರೂರ ಅನ್ನಿಸುತ್ತೆ, ನಿಜ. ಆದರೆ ತಳಪಾಯ ಬಿಟ್ಟು ಎರಡನೇ ಮಹಡಿ ಕಟ್ಟುವ ಚಾಳಿ ಇದರಿಂದ ಬಿಟ್ಟುಹೋಗುತ್ತದೆ.

ಇನ್ನೊಂದು ತಿದ್ದುವಿಕೆ ಜೊತೆಗಾರರದ್ದು. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನಿಮ್ಮ ಕೆಲಸವನ್ನು ಇನ್ನೊಬ್ಬರು ತಿದ್ದಬೇಕಾದರೆ ನಿಮ್ಮ ಕೈಯಲ್ಲಿ ಪಾಯಿಂಟ್ ಇರಬೇಕು. ಒಂದು ಸಲ ತಿದ್ದಿಸಿಕೊಂಡರೆ ಒಂದು ಪಾಯಿಂಟ್ ಖರ್ಚು. ಪಾಯಿಂಟ್ ಮತ್ತೆ ಬರೋದು ಹೇಗೆ? ನೀವು ಎದ್ದು ಹೋಗಿ ಇನ್ನೊಬ್ಬರದ್ದನ್ನು ತಿದ್ದಿದರೆ. ಶುರುವಿನಲ್ಲಿ ಕೆಲವು ಪಾಯಿಂಟ್ ಕೊಟ್ಟಿರುತ್ತಾರೆ, ಆಮೇಲೆ ನಿಮ್ಮ ಪಾಡು ನಿಮ್ಮದು. ‘ನನಗೆ ಟೈಮಿಲ್ಲ, ನನ್ನ ಕೆಲಸ ನಾನು ಮಾಡ್ಕೋತೀನಿ’ ಅಂತ ಮೂಲೆಯಲ್ಲಿ ಕೂತ ಬುದ್ಧಿವಂತನ ಪಾಯಿಂಟ್ ಖಾಲಿಯಾಗುತ್ತದೆ, ಅವನು ಅಲ್ಲೇ ನಿಲ್ಲುತ್ತಾನೆ. ಹಳ್ಳಿಯಲ್ಲಿ ಗದ್ದೆ ನಾಟಿಗೆ ಮುಯ್ಯಾಳು ಪದ್ಧತಿ ಇತ್ತಲ್ಲ, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅದೇ ಲೆಕ್ಕ. ಕೂಲಿ ಕೊಡುವಂತಿಲ್ಲ, ಮುಯ್ಯಿ ತೀರಿಸಲೇಬೇಕು.

ತಿದ್ದಲು ಕೂತಾಗಲೂ ಒಂದು ಕ್ರಮ ಇದೆ. ತಿದ್ದುವವರು ಖಾಲಿ ಫೋಲ್ಡರಿಗೆ ಕೋಡನ್ನು ಇಳಿಸಿಕೊಳ್ಳಬೇಕು. ‘ನನ್ನ ಮಿಷನ್‌ನಲ್ಲಿ ಓಡ್ತಿತ್ತು’ ಅನ್ನೋ ಮಾತಿಗೆ ಅಲ್ಲೇ ಬಾಗಿಲು ಬಂದ್. ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಕೊಡುವ ಸಣ್ಣ ಎಚ್ಚರಿಕೆಯನ್ನೂ ತಪ್ಪು ಅಂತಲೇ ಎಣಿಸಬೇಕು. ಆಮೇಲೆ ಬರೆದವರು ಸಾಲು ಸಾಲಾಗಿ ಬಾಯಿಬಿಟ್ಟು ವಿವರಿಸಬೇಕು. ವಿವರಿಸಲು ಬರದಿದ್ದರೆ, ಕೋಡ್ ಎಷ್ಟೇ ಚೆನ್ನಾಗಿ ಓಡಲಿ, ಅದು ನಿಮ್ಮದಲ್ಲ. ಕಾಪಿ ಅಂತ ಸಾಬೀತಾದರೆ ಸಿಗುವ ಅಂಕ ಸೊನ್ನೆಯೂ ಅಲ್ಲ, ಮೈನಸ್ 42.

ಕೋಡ್ ಬರೆಯುವ ಶೈಲಿಗೂ ಕಟ್ಟುಪಾಡು. ಒಂದು ಫಂಕ್ಷನ್ 25 ಸಾಲು ಮೀರಬಾರದು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಲು ಸಿ ಬಲ್ಲವರೆಲ್ಲ ದಿನಾ ಬಳಸುವ ‘ಫಾರ್’ ಲೂಪನ್ನೇ ನಿಷೇಧಿಸಿದ್ದಾರೆ. ಮೊದಲ ಸಲ ಇದನ್ನು ಕೇಳಿದಾಗ ಹುಚ್ಚಾಟ ಅನ್ನಿಸಿತ್ತು. ಈಗ 25 ಸಾಲಿನ ಮಿತಿಯ ಮಟ್ಟಿಗಾದರೂ ಅಭಿಪ್ರಾಯ ಬದಲಾಗಿದೆ. ಓದುವವರು ಮೇಷ್ಟ್ರಾದರೆ ಮುನ್ನೂರು ಸಾಲಿನ ಗೋಜಲನ್ನೂ ಬಿಡಿಸಿಯಾರು. ಇಲ್ಲಿ ಓದುವವರು ಮೂರು ವಾರದ ಹೊಸಬರು. ತುಂಡು ತುಂಡಾಗಿ ಇದ್ದರೆ ಮಾತ್ರ ಅವರ ಕಣ್ಣಿಗೆ ತಪ್ಪು ಕಾಣುತ್ತದೆ. ಫಾರ್ ಲೂಪಿನ ಮೇಲೆ ಮುನಿಸು ಯಾಕೋ, ಅದನ್ನು ನಾನಿನ್ನೂ ಒಪ್ಪಿಲ್ಲ.

ಒಬ್ಬರಿಗೊಬ್ಬರು ಹೊಂದಾಣಿಕೆ ಮಾಡಿಕೊಂಡರೆ? ‘ನೀ ನನ್ನ ಪಾಸ್ ಮಾಡು, ನಾ ನಿನ್ನ ಪಾಸ್ ಮಾಡ್ತೀನಿ.’ ಮಾಡಿಕೊಳ್ಳುವವರು ಇದ್ದೇ ಇರುತ್ತಾರೆ. ಅದಕ್ಕೇ ಯಾರು ತಿದ್ದಲು ಬರುತ್ತಾರೆ ಅನ್ನೋದು ಶುರುವಾಗುವ ಸ್ವಲ್ಪ ಮುಂಚೆಯಷ್ಟೇ ತಿಳಿಯುತ್ತದೆ. ಒಬ್ಬರಲ್ಲ, ಎರಡು ಮೂರು ಜನ ತಿದ್ದಬೇಕು. ತಿದ್ದಿಸಿಕೊಂಡವರು ತಿದ್ದಿದವರ ಬಗ್ಗೆ ಅಭಿಪ್ರಾಯ ಬರೆಯಬೇಕು. ಹೊಂದಾಣಿಕೆಯಿಂದ ಗೆದ್ದವರಿಗೆ ಶುಕ್ರವಾರದ ಪರೀಕ್ಷೆ ಕಾದಿರುತ್ತದೆ.

ಇನ್ನು ಜೊತೆಗಾರರಿಂದ ಕಲಿಯೋದು ಯಾಕೆ ಕೆಲಸ ಮಾಡುತ್ತೆ ಅನ್ನೋದು. ನಾನು ಓದುವಾಗ ಸಿ ಲ್ಯಾಬ್ ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್ ಕಾರಿಡಾರಿನಲ್ಲಿ ಪಾಯಿಂಟರ್ ಅಂದರೇನು ಅಂತ ಅರ್ಥವಾಗಿದ್ದು. ಹೇಳಿಕೊಟ್ಟವನಿಗೆ ಅವತ್ತು ಮಧ್ಯಾಹ್ನವಷ್ಟೇ ಅರ್ಥವಾಗಿತ್ತು. “ನೋಡು, ಇದು ಮನೆ ಅಲ್ಲ, ಮನೆ ಅಡ್ರೆಸ್ ಬರೆದ ಚೀಟಿ. ಚೀಟಿಗೆ ಬಣ್ಣ ಬಳಿದ್ರೆ ಮನೆಗೆ ಬಣ್ಣ ಆಗುತ್ತಾ?” ಅಂದ. ಇಡೀ ಸೆಮಿಸ್ಟರ್ ಕೇಳಿದ್ದು ಆ ಒಂದು ಮಾತಿನಲ್ಲಿ ಜಾಗಕ್ಕೆ ಬಂದು ಕೂತಿತು. ಪಾಠ ಮಾಡಿದವರಿಗೆ ಏನೂ ಕಡಿಮೆ ಇರಲಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಗೊತ್ತಿರುವವರಿಗೆ, ಗೊತ್ತಿಲ್ಲದಿದ್ದಾಗ ಹೇಗಿತ್ತು ಅನ್ನೋದು ಮರೆತುಹೋಗಿರುತ್ತದೆ. ಮಧ್ಯಾಹ್ನ ಎಡವಿ ಬಿದ್ದವನಿಗೆ ಕಲ್ಲು ಎಲ್ಲಿದೆ ಅಂತ ಸರಿಯಾಗಿ ಗೊತ್ತಿರುತ್ತದೆ. ಹೇಳಿಕೊಟ್ಟವನಿಗೂ ಲಾಭವೇ. ಬಾಯಿಬಿಟ್ಟು ಹೇಳುವಾಗಲೇ ನಮಗೆ ಎಲ್ಲಿ ಮಸುಕಾಗಿದೆ ಅಂತ ಕಾಣೋದು.

ಇದೇನು ಪ್ಯಾರಿಸ್‌ನವರು ಕಂಡುಹಿಡಿದದ್ದಲ್ಲ. ಇಲ್ಲಿ ನಮ್ಮ ಬಳ್ಳಾರಿಯ ಕಥೆ ಬರುತ್ತದೆ.

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಬೆಲ್ ಜಿಲ್ಲೆಯ ಶಾಲೆಗಳ ಬಗ್ಗೆ ಮದ್ರಾಸಿಗೆ ವರದಿ ಕಳಿಸಿದ. ಅವನು ಎಣಿಸಿದ್ದು 533 ಶಾಲೆ. ಅದರಲ್ಲಿ 235 ಕನ್ನಡದವು, 226 ತೆಲುಗಿನವು. ಕೂಲಿಮಠ ಅಂತ ನಮ್ಮ ಅಜ್ಜಂದಿರು ಹೇಳುತ್ತಿದ್ದರಲ್ಲ, ಅಂಥವು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಕೈ ಮೇಲೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೇ ಏರುತ್ತಾ ಹೋಗುವುದು. ಚಿಕ್ಕವರು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದವರು ದೊಡ್ಡ ಹುಡುಗರು. ಮುಂದಿರುವವರು ಹಿಂದಿರುವವರಿಗೆ ಹೇಳಿಕೊಡುವ, ಹೇಳಿಕೊಡುತ್ತಾ ತಮ್ಮ ತಿಳಿವನ್ನೂ ಗಟ್ಟಿ ಮಾಡಿಕೊಳ್ಳುವ ಈ ಕ್ರಮ ಮೆಚ್ಚುವಂಥದ್ದು, ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯಾಗೇ ಇದೆ ಅಂತ ಕ್ಯಾಂಬೆಲ್ ಬರೆದ.

ಇಂಗ್ಲೆಂಡಿಗೆ ಹೋದದ್ದು ಹೇಗೆ? ಆಂಡ್ರ್ಯೂ ಬೆಲ್ ಅನ್ನುವ ಸ್ಕಾಟಿಷ್ ಪಾದ್ರಿ 1789ರಲ್ಲಿ ಮದ್ರಾಸಿನ ಎಗ್ಮೋರಿನ ಗಂಡುಮಕ್ಕಳ ಅನಾಥಾಲಯಕ್ಕೆ ಮೇಲ್ವಿಚಾರಕನಾದ. ಸುತ್ತಲಿನ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬರೆಯೋದು ನೋಡಿದ. ತನ್ನಲ್ಲಿಯೂ ಮಾಡಿಸೋಣ ಅಂದರೆ ಅಲ್ಲಿನ ಶಿಕ್ಷಕರು ಒಪ್ಪಲಿಲ್ಲ. ಕೊನೆಗೆ ಎಂಟು ವರ್ಷದ ಹುಡುಗನೊಬ್ಬನನ್ನು ಹಿಡಿದು ಚಿಕ್ಕವರಿಗೆ ಅಕ್ಷರ ಕಲಿಸಲು ಬಿಟ್ಟ. ಕೆಲಸ ಆಯಿತು. 1797ರಲ್ಲಿ ಲಂಡನ್ನಿನಲ್ಲಿ ಇದರ ವರದಿ ಅಚ್ಚಾಯಿತು. ‘ಮದ್ರಾಸ್ ಪದ್ಧತಿ’ ಅಂತಲೇ ಹೆಸರಾಯಿತು. ಜೋಸೆಫ್ ಲಂಕಾಸ್ಟರ್ ಇಂಥದ್ದೇ ಒಂದನ್ನು ಲಂಡನ್ನಿನಲ್ಲಿ ದೊಡ್ಡದಾಗಿ ನಡೆಸಿದ. ಒಬ್ಬ ಮೇಷ್ಟ್ರಿಗೆ ನೂರಾರು ಹುಡುಗರು, ನಡುವೆ ಹೇಳಿಕೊಡುವ ‘ಮಾನಿಟರ್’ ಹುಡುಗರು. ತುಂಬಾ ಅಗ್ಗ. ಸರ್ಕಾರಗಳಿಗೆ, ಚರ್ಚುಗಳಿಗೆ ಇನ್ನೇನು ಬೇಕು?

ಆದರೆ ಅರ್ಧ ಶತಮಾನ ಕಳೆಯುವುದರೊಳಗೆ ಅದು ಇಳಿಮುಖವಾಯಿತು. ಇಲ್ಲೇ ಕಲಿಯುವ ವಿಷಯ ಇರೋದು. ಮಾನಿಟರ್ ಹುಡುಗ ಹೇಳಿದ್ದನ್ನು ಉಳಿದವರು ಒಪ್ಪಿಸುತ್ತಿದ್ದರು. ಮಾನಿಟರಿಗೇ ಅರ್ಥ ಗೊತ್ತಿಲ್ಲದಿದ್ದರೂ ಬಂಡಿ ಓಡುತ್ತಿತ್ತು. ‘ಯಾಕೆ’ ಅಂತ ಕೇಳುವ ಜಾಗವೇ ಇರಲಿಲ್ಲ. ಕ್ಯಾಂಬೆಲ್ ಕೂಡ ಹೊಗಳಿ ಸುಮ್ಮನಾಗಲಿಲ್ಲ. ಈ ಶಾಲೆಗಳ ದೊಡ್ಡ ಕೊರತೆ ಅಂದರೆ ಅಲ್ಲಿ ಓದಿಸುವ ವಿಷಯ ಮತ್ತು ಒಳ್ಳೆಯ ಉಪಾಧ್ಯಾಯರು ಇಲ್ಲದಿರುವುದು ಅಂತಲೂ ಬರೆದ. ಜೊತೆಗಾರರ ಕಲಿಕೆ ಅಗ್ಗ ಅಂತ ಮಾತ್ರ ಹಿಡಿದುಕೊಂಡರೆ ಬಾಯಿಪಾಠ ಹಬ್ಬಿಸುವ ಯಂತ್ರವಾಗುತ್ತದೆ. 42 ಅದರಿಂದ ತಪ್ಪಿಸಿಕೊಂಡಿದ್ದರೆ ಆ ‘ಪ್ಲಸ್ ಒಂದು ಯಾಕೆ’ ಅನ್ನುವ ಪ್ರಶ್ನೆಯಿಂದ, ಮತ್ತು ಉತ್ತರ ಸರಿಯೋ ತಪ್ಪೋ ಅಂತ ಮುಲಾಜಿಲ್ಲದೆ ಹೇಳುವ ಕಂಪ್ಯೂಟರಿನಿಂದ. ಕವಿತೆಯ ರಸಾಸ್ವಾದವನ್ನೋ ಇತಿಹಾಸವನ್ನೋ ಹೀಗೆ ಕಲಿಸಬಹುದೇ ಅಂದರೆ ನನಗೆ ಅನುಮಾನ. ಪ್ರೋಗ್ರಾಂ ಓಡುತ್ತೆ ಅಥವಾ ಓಡೋದಿಲ್ಲ, ಆ ಅನುಕೂಲ ಅಲ್ಲಿಲ್ಲ.

ಇದೇ ದಾರಿಯಲ್ಲಿ ಇನ್ನೊಂದು ಜಾಗ ಇದೆ, ನ್ಯೂಯಾರ್ಕಿನ ರಿಕರ್ಸ್ ಸೆಂಟರ್. 2011ರಲ್ಲಿ ಹ್ಯಾಕರ್ ಸ್ಕೂಲ್ ಅನ್ನುವ ಹೆಸರಿನಲ್ಲಿ ಶುರುವಾಯಿತು. ಅಲ್ಲಿಗೆ ಬರುವವರಿಗೆ ಆಗಲೇ ಸ್ವಲ್ಪ ಪ್ರೋಗ್ರಾಮಿಂಗ್ ಬರುತ್ತದೆ. ಕೆಲವು ವಾರ ಜೊತೆಯಲ್ಲಿ ಕೂತು ತಮಗೆ ಬೇಕಾದ್ದನ್ನು ಕಲಿಯುತ್ತಾರೆ. ಪಠ್ಯ ಇಲ್ಲ, ಪರೀಕ್ಷೆ ಇಲ್ಲ, ಪಾಯಿಂಟೂ ಇಲ್ಲ. ಇರೋದು ನಾಲ್ಕು ನಡವಳಿಕೆಯ ನಿಯಮ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು: ಯಾರಿಗಾದರೂ ಏನಾದರೂ ಗೊತ್ತಿಲ್ಲ ಅಂದಾಗ ಆಶ್ಚರ್ಯ ಆದವರ ಹಾಗೆ ನಟಿಸಬಾರದು. “ಅಯ್ಯೋ, ಇದೂ ಗೊತ್ತಿಲ್ವಾ ನಿಂಗೆ?” ಈ ಮಾತು ಅಲ್ಲಿ ಬಂದ್. ಈ ಮಾತು ಕೇಳಿ ಬಾಯಿ ಮುಚ್ಚಿಕೊಂಡವರು ನಮ್ಮ ಆಫೀಸುಗಳಲ್ಲಿ, ಕಾಲೇಜುಗಳಲ್ಲಿ ಎಷ್ಟು ಜನರೋ. ಒಂದು ಸಲ ಹಾಗನ್ನಿಸಿಕೊಂಡವನು ಎರಡನೇ ಪ್ರಶ್ನೆ ಕೇಳುವುದಿಲ್ಲ. ಮೇಷ್ಟ್ರಿಲ್ಲದ ಕಡೆ ಪ್ರಶ್ನೆ ನಿಂತರೆ ಕಲಿಕೆಯೂ ನಿಂತ ಹಾಗೇ.

ದುಡ್ಡು ಎಲ್ಲಿಂದ ಬರುತ್ತೆ? ಫೀಸ್ ಇಲ್ಲ ಅಂದರೆ ಖರ್ಚಿಲ್ಲ ಅಂತಲ್ಲ. ಕಟ್ಟಡ, ಸಾವಿರಾರು ಜನಕ್ಕೆ ಕಂಪ್ಯೂಟರ್, ರಾತ್ರಿಯೆಲ್ಲ ಉರಿಯುವ ಕರೆಂಟು, ಲೆಕ್ಕಗಳನ್ನು ಬರೆದು ಪರೀಕ್ಷಿಸುವ ಸಿಬ್ಬಂದಿ. ಪ್ಯಾರಿಸ್‌ನಲ್ಲಿ ನಿಯೆಲ್ ತಮ್ಮ ಜೇಬಿನಿಂದ ಕೋಟಿಗಟ್ಟಲೆ ಯೂರೋ ಹಾಕಿದರು. ಮೊರಾಕೋದ ಖುರಿಬ್ಗಾ ಅನ್ನುವ ಗಣಿ ಊರಿನಲ್ಲಿ ಇದೇ ಮಾದರಿಯ ‘1337’ ಅನ್ನುವ ಶಾಲೆ ಇದೆ, ಅದಕ್ಕೆ ಫಾಸ್ಫೇಟ್ ಕಂಪನಿ ಓಸಿಪಿಯ ಬೆಂಬಲ. ಜರ್ಮನಿಯ ವುಲ್ಫ್ಸ್‌ಬರ್ಗ್‌ನಲ್ಲಿ 42 ಶುರುವಾದಾಗ ಬೆಂಬಲಕ್ಕೆ ನಿಂತದ್ದು ಕಾರು ಕಂಪನಿ ಫೋಕ್ಸ್‌ವ್ಯಾಗನ್. ರಿಕರ್ಸ್ ಸೆಂಟರ್ ತನ್ನಲ್ಲಿ ಕಲಿತವರನ್ನು ಕಂಪನಿಗಳಿಗೆ ಪರಿಚಯಿಸುತ್ತದೆ, ಕೆಲಸಕ್ಕೆ ತೆಗೆದುಕೊಂಡ ಕಂಪನಿ ಶುಲ್ಕ ಕೊಡುತ್ತದೆ. ಮೇಷ್ಟ್ರ ಸಂಬಳ ಉಳಿಯುತ್ತೆ, ಹಾಗಾಗಿ ತಲೆಗೆ ಬೀಳುವ ಖರ್ಚು ಕಡಿಮೆ. ಆದರೆ ಮಿಕ್ಕ ಖರ್ಚನ್ನು ಯಾರೋ ಒಬ್ಬರು ವರ್ಷ ವರ್ಷ ಕೊಡುತ್ತಲೇ ಇರಬೇಕು.

ಕಲಿಯುವವರಿಗೂ ಪೂರ್ತಿ ಉಚಿತ ಅಲ್ಲ. ನಾಲ್ಕು ವಾರ ಸಂಬಳವಿಲ್ಲದೆ ಹಗಲು ರಾತ್ರಿ ಕೂರಲು ಯಾರಿಗೆ ಆಗುತ್ತೆ? ಮನೆಯಲ್ಲಿ ಮಗು ಇರುವ ಹೆಂಗಸಿಗೆ? ದಿನಗೂಲಿಯವನಿಗೆ? ಈ ಮಾತನ್ನೂ ಕ್ಯಾಂಬೆಲ್ ಇನ್ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದ. ಬಳ್ಳಾರಿಯ ಬಡವರು ಮಕ್ಕಳ ಓದಿನ ಖರ್ಚು ಭರಿಸಲಾರರು, ಎಳೆಯ ಕೈಕಾಲು ಸ್ವಲ್ಪ ಬಲಿತರೂ ಸಾಕು, ಮಕ್ಕಳನ್ನು ದುಡಿಮೆಗೆ ಹಚ್ಚಬೇಕಾಗುತ್ತದೆ ಅಂತ. ಪ್ಯಾರಿಸ್ಸಿನ 42ಕ್ಕೆ ಬೇರೆ ಹುಳುಕುಗಳೂ ಇದ್ದವು. ಹುಡುಗರೇ ತುಂಬಿದ್ದ ಜಾಗದಲ್ಲಿ ಹುಡುಗಿಯರಿಗೆ ಕಿರಿಕಿರಿ ಅನ್ನುವ ದೂರು ಬಂತು. 2018ರಲ್ಲಿ ನಿರ್ದೇಶಕಿಯಾಗಿ ಬಂದ ಸೋಫಿ ವಿಜೆ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಿಸೋದನ್ನು ದೊಡ್ಡ ಕೆಲಸವಾಗಿ ಹಿಡಿದರು. ಅದೇ ವರ್ಷ ಫ್ರಾನ್ಸಿನ ಖಾಸಗಿತನ ಕಾಯುವ ಸಂಸ್ಥೆ ‘ಕ್ನಿಲ್’, ಶಾಲೆಯಲ್ಲಿ ಕ್ಯಾಮೆರಾ ಕಣ್ಗಾವಲು ಅತಿಯಾಯಿತು ಅಂತ ನೋಟಿಸ್ ಕೊಟ್ಟಿತು. ಮೇಷ್ಟ್ರ ಕಣ್ಣಿಲ್ಲದ ಶಾಲೆಯಲ್ಲಿ ಕ್ಯಾಮೆರಾ ಕಣ್ಣು ಜಾಸ್ತಿಯಾದದ್ದು ವಿಚಿತ್ರವೇ.

ನಮ್ಮಲ್ಲಿ ಈ ಖರ್ಚಿನ ಗಂಟನ್ನು ಬೇರೆ ರೀತಿ ಬಿಡಿಸಿದವರಿದ್ದಾರೆ. 2016ರಲ್ಲಿ ಶುರುವಾದ ನವಗುರುಕುಲ್ ಬಡ ಕುಟುಂಬದ ಹುಡುಗಿಯರಿಗೆ ಊಟ, ವಸತಿ, ಲ್ಯಾಪ್‌ಟಾಪ್ ಕೊಟ್ಟು ಪ್ರೋಗ್ರಾಮಿಂಗ್ ಕಲಿಸುತ್ತದೆ. ಬೆಂಗಳೂರಿನಲ್ಲೂ ಅದರ ಕ್ಯಾಂಪಸ್ ನಡೆದಿದೆ. ಮುಂಚೆ ಬಂದವರು ಆಮೇಲೆ ಬಂದವರ ಜೊತೆ ಕೂತು ಹೇಳಿಕೊಡುವುದು ಅಲ್ಲೂ ಉಂಟು. ಊಟ ವಸತಿ ಅನ್ನೋದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಫೀಸ್ ಮನ್ನಾಕ್ಕಿಂತ ಇದೇ ದೊಡ್ಡದು. ಇನ್ನೂ ಚಿಕ್ಕ ಪ್ರಮಾಣದಲ್ಲಿ, ಬನ್ನೇರುಘಟ್ಟ ರಸ್ತೆ ಕಡೆಯ ಸುದರ್ಶನ್ ಲೇಔಟಿನ ಸ್ಲಮ್ಮಿನಲ್ಲಿ ಫ್ರೀ ಸಾಫ್ಟ್‌ವೇರ್ ಚಳವಳಿಯ ಸ್ವಯಂಸೇವಕರು ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಕಟ್ಟಿದರು. ಪುಟ್ಟ ಜಾಗ, ಕೆಲವೇ ಕಂಪ್ಯೂಟರ್. ಮಕ್ಕಳು ಗಿಂಪ್ ಅನ್ನುವ ಸಾಫ್ಟ್‌ವೇರಿನಲ್ಲಿ ಚಿತ್ರ ಬಿಡಿಸಲು ಕಲಿತದ್ದು ಅಲ್ಲೇ.

ಈಗ ಎಐ ಬಂದಿದೆ. ಕೇಳಿದರೆ ಕೋಡ್ ತಾನೇ ಬರೆದು ಕೊಡುತ್ತದೆ, ಪ್ಲಸ್ ಒಂದು ಸಮೇತ. ಹಾಗಾದರೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಪ್ಯಾರಿಸ್ಸಿನ ಆ ಇಬ್ಬರನ್ನೇ ಮತ್ತೆ ನೋಡಿ. ಅವಳು ಪ್ಲಸ್ ಒಂದು ಹಾಕದೇ ಇದ್ದಿದ್ದರೆ ಏನಾಗುತ್ತಿತ್ತು? ಬಹಳ ಸಲ ಏನೂ ಆಗುವುದಿಲ್ಲ. ಸೊನ್ನೆ ಪಕ್ಕದ ಮನೆಗೆ ಹೋಗಿ ಕೂರುತ್ತದೆ. ಆ ಮನೆ ಖಾಲಿ ಇದ್ದರೆ ಪ್ರೋಗ್ರಾಂ ಸುಸೂತ್ರವಾಗಿ ಓಡುತ್ತದೆ, ಸರಿ ಉತ್ತರವನ್ನೇ ಕೊಡುತ್ತದೆ. ತಿದ್ದುವ ಯಂತ್ರವೂ ಪಾಸ್ ಮಾಡಿಬಿಡಬಹುದು. ಯಾವತ್ತೋ ಒಂದು ದಿನ ಪಕ್ಕದ ಮನೆಯಲ್ಲಿ ಬೇರೆ ಯಾವುದೋ ಲೆಕ್ಕ ಇರುತ್ತದೆ, ಅದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಓಡುತ್ತಿರುವ ಪ್ರೋಗ್ರಾಮಿನಲ್ಲಿ ಅದನ್ನು ಹುಡುಕಲು ಹೊರಟವರು ವಾರಗಟ್ಟಲೆ ನಿದ್ದೆಗೆಡುತ್ತಾರೆ. ಅವನು ಪರದೆಯ ಮೇಲೆ ಬೆರಳಿಟ್ಟು ಕೇಳಿದಾಗ ಅದಕ್ಕೆ ಅರ್ಧ ನಿಮಿಷ ಸಾಕಾಗಿತ್ತು.